ಅಡಿಕೆ ತೋಟದ ಮಣ್ಣಿನಲ್ಲಿ ಸೇರಿದ ತಾಮ್ರ, ಸೀಸ, ಕ್ಯಾಡ್ಮಿಯಂ: ಬೇರಿನ ಕೆಲಸವನ್ನು ಅರಿತು ತೋಟವನ್ನು ನಿರ್ವಹಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ಬೆಳೆಗಾರರು ಮತ್ತೆ ಮತ್ತೆ ಕೇಳುತ್ತಿರುವ ಪ್ರಶ್ನೆಗಳು ಮುಖ್ಯವಾಗಿ ಎರಡು. ಕೊಳೆರೋಗಕ್ಕೆಂದು ಮೂವತ್ತು ನಲವತ್ತು ವರ್ಷ ಮೈಲುತುತ್ತಿನ (ತಾಮ್ರದ ಸಲ್ಫೇಟಿನ) ಮದ್ದು ಬಿಟ್ಟ ತೋಟದಲ್ಲಿ ಬಸಳೆ, ಹರಿವೆ, ಕೆಸು ಬೆಳೆದು ತಿನ್ನಬಹುದೇ ಎಂಬುದು ಮೊದಲನೆಯದು. ಸಾಸಿವೆ ಅಥವಾ ಸೂರ್ಯಕಾಂತಿ ಬಿತ್ತಿದರೆ ಅವುಗಳ ಬೇರು ಮಣ್ಣಿನ ತಾಮ್ರವನ್ನೆಲ್ಲ ಹೀರಿ ತೆಗೆಯುತ್ತದೆ ಎನ್ನುತ್ತಾರಲ್ಲ, ಅದು ನಿಜವೇ ಎಂಬುದು ಎರಡನೆಯದು. ಎರಡಕ್ಕೂ ಉತ್ತರ ಬೇರಿನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿದೆ. ಆದ್ದರಿಂದ ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ಹೇಳಿ, ಬಳಿಕ ನೀವು ಮಾಡಬೇಕಾದ ಕೆಲಸವನ್ನು ಹಂತ ಹಂತವಾಗಿ ವಿವರಿಸುತ್ತೇನೆ.

ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ, ಪಾದರಸ ಮುಂತಾದವನ್ನು ಒಟ್ಟಾಗಿ ಭಾರ ಲೋಹಗಳು ಎನ್ನುತ್ತಾರೆ. ಆರ್ಸೆನಿಕ್ ನಿಜವಾಗಿ ಅರೆಲೋಹವಾದರೂ ಅದನ್ನೂ ಇದೇ ಪಟ್ಟಿಗೆ ಸೇರಿಸುವುದು ರೂಢಿ. ಇವುಗಳಲ್ಲಿ ತಾಮ್ರ ಮತ್ತು ಸತು ಅಲ್ಪ ಪ್ರಮಾಣದಲ್ಲಿ ಗಿಡಕ್ಕೂ ಮನುಷ್ಯನಿಗೂ ಬೇಕು, ಮಿತಿ ಮೀರಿದರೆ ಮಾತ್ರ ಕೆಡುಕು. ಸೀಸ, ಕ್ಯಾಡ್ಮಿಯಂಗಳಿಂದ ಯಾವ ಪ್ರಮಾಣದಲ್ಲೂ ಪ್ರಯೋಜನವಿಲ್ಲ. ನಮ್ಮ ಜಿಲ್ಲೆಯಲ್ಲಿ ಕೀಟನಾಶಕವಾದ ಎಂಡೋಸಲ್ಫಾನ್‌ನ ನೋವು ಇನ್ನೂ ಹಸಿಯಾಗಿರುವುದರಿಂದ ಅದೂ ಇದೇ ಬಗೆಯದೇ ಎಂದು ಕೇಳುವವರಿದ್ದಾರೆ. ಅದು ಕ್ಲೋರಿನ್ ಸೇರಿದ ಇಂಗಾಲಮೂಲದ ರಾಸಾಯನಿಕ; ಮಣ್ಣಿನಲ್ಲಿ ಅದು ನಿಧಾನವಾಗಿಯಾದರೂ ಒಡೆಯುತ್ತದೆ. ಲೋಹವು ಒಡೆಯುವುದೇ ಇಲ್ಲ. ಇಂದು ಬಿದ್ದ ತಾಮ್ರ ಮೊಮ್ಮಗನ ಕಾಲಕ್ಕೂ ತಾಮ್ರವಾಗಿಯೇ ಇರುತ್ತದೆ. ಬದಲಾಗುವುದು ಅದರ ಜಾಗ ಮತ್ತು ರೂಪ ಮಾತ್ರ. ಆ ಬದಲಾವಣೆಯಲ್ಲಿ ಬೇರಿಗೆ ದೊಡ್ಡ ಪಾಲಿದೆ.

ಬೇರು ಏನು ಮಾಡುತ್ತದೆ?

ಬೇರು ನೀರಿನೊಡನೆ ಬಂದದ್ದನ್ನೆಲ್ಲ ಸುಮ್ಮನೆ ಎಳೆದುಕೊಳ್ಳುತ್ತದೆ ಎಂಬ ಕಲ್ಪನೆಯನ್ನು ಬಿಡಬೇಕು. ಅದು ತನ್ನ ಸುತ್ತಲಿನ ತೆಳುವಾದ ಮಣ್ಣಿನ ಪದರವನ್ನು, ಅಂದರೆ ಬೇರುವಲಯವನ್ನು, ಎಡೆಬಿಡದೆ ಬದಲಿಸುತ್ತಿರುತ್ತದೆ. ಅಮೋನಿಯಂ ರೂಪದ ಸಾರಜನಕವನ್ನು ಹೀರುವಾಗ ಹುಳಿಯನ್ನು ಹೊರಬಿಟ್ಟು ಆ ಪದರದ ಆಮ್ಲೀಯತೆಯನ್ನು ಹೆಚ್ಚಿಸುತ್ತದೆ. ನೈಟ್ರೇಟ್ ರೂಪದಲ್ಲಿ ಹೀರುವಾಗ ಅದಕ್ಕೆ ಪ್ರತಿಯಾಗಿ ಹುಳಿಯನ್ನು ತಗ್ಗಿಸುತ್ತದೆ. ಹುಳಿ ಹೆಚ್ಚಿದಷ್ಟೂ ಮಣ್ಣಿನ ಕಣಕ್ಕೆ ಅಂಟಿಕೊಂಡಿದ್ದ ತಾಮ್ರ, ಸತು, ಕ್ಯಾಡ್ಮಿಯಂ ಬಿಟ್ಟುಕೊಂಡು ನೀರಿನಲ್ಲಿ ಕರಗುತ್ತವೆ. ಸಿಟ್ರಿಕ್, ಮ್ಯಾಲಿಕ್, ಆಕ್ಸಾಲಿಕ್ ಆಮ್ಲಗಳನ್ನೂ ಬೇರು ಸ್ರವಿಸುತ್ತದೆ. ಇವು ಲೋಹದ ಅಯಾನನ್ನು (ನೀರಿನಲ್ಲಿ ಕರಗಿದ ಲೋಹದ ಕಣವನ್ನು) ಇಕ್ಕಳದಂತೆ ಹಿಡಿದುಕೊಳ್ಳುತ್ತವೆ, ಮತ್ತು ಸಂದರ್ಭಕ್ಕೆ ತಕ್ಕಂತೆ ಅದನ್ನು ಕರಗಿಸಲೂಬಹುದು, ಅದರ ವಿಷವನ್ನು ತಗ್ಗಿಸಲೂಬಹುದು. ಭತ್ತ, ಜೋಳದಂತಹ ಹುಲ್ಲಿನ ಜಾತಿಯ ಬೆಳೆಗಳು ಕಬ್ಬಿಣಕ್ಕಾಗಿ ಹೊರಬಿಡುವ ಒಂದು ಬಗೆಯ ಸ್ರಾವಕ್ಕೆ ಕಬ್ಬಿಣದ ಜೊತೆಗೆ ಸತುವೂ ತಾಮ್ರವೂ ಸಿಕ್ಕಿಕೊಂಡು ಬರುತ್ತವೆ.

ಹೀಗೆ ಕರಗಿ ಬಂದ ಲೋಹವೆಲ್ಲ ಎಲೆಗೋ ಕಾಯಿಗೋ ಏರುವುದಿಲ್ಲ. ಬೇರಿನ ಕೋಶಭಿತ್ತಿಗೆ ಒಂದಷ್ಟು ಅಂಟಿಕೊಳ್ಳುತ್ತದೆ. ಒಳಗೆ ಹೊಕ್ಕದ್ದರಲ್ಲಿ ಒಂದು ಪಾಲನ್ನು ಜೀವಕೋಶವು ತನ್ನ ಒಳಚೀಲದಲ್ಲಿ ಮುಚ್ಚಿಡುತ್ತದೆ. ತಾಮ್ರ ಮತ್ತು ಸೀಸ ಬಹುಮಟ್ಟಿಗೆ ಬೇರಿನಲ್ಲಿಯೇ ಉಳಿಯುತ್ತವೆ. ಕ್ಯಾಡ್ಮಿಯಂ ಹಾಗಲ್ಲ, ಸತು ಮತ್ತು ಮ್ಯಾಂಗನೀಸ್ ಒಳಬರುವ ಬಾಗಿಲುಗಳಿಂದಲೇ ನುಸುಳಿ ಎಲೆಯವರೆಗೆ ಸುಲಭವಾಗಿ ಏರುತ್ತದೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹಂತಗಳ ಕಾರಣ ತಾನಾಗಿ ತಿಳಿಯುತ್ತದೆ.

ಬೇಕಾಗುವ ಸಾಮಗ್ರಿ: ತುಕ್ಕಿಲ್ಲದ ಉಕ್ಕಿನ ಕೈಹಾರೆ ಅಥವಾ ಕತ್ತಿ, ಪ್ಲಾಸ್ಟಿಕ್ ಬಕೆಟ್, ಹಳೆಯ ಕಾಗದ, ಬಟ್ಟೆ ಅಥವಾ ಪ್ಲಾಸ್ಟಿಕ್ ಚೀಲಗಳು, ಆರು ಸಣ್ಣ ಕುಂಡಗಳು, ಒಂದು ಹಿಡಿ ಹುರುಳಿ, ಒಂದು ನೋಟುಪುಸ್ತಕ. ತಾಮ್ರ, ಹಿತ್ತಾಳೆ ಮತ್ತು ಸತು ಲೇಪನದ ತಗಡಿನ ಪಾತ್ರೆಗಳನ್ನು ಈ ಕೆಲಸಕ್ಕೆ ಬಳಸಲೇಬಾರದು. ನೀವು ಅಳೆಯಲು ಹೊರಟ ಲೋಹವೇ ಅವುಗಳಿಂದ ಮಾದರಿಗೆ ಸೇರುತ್ತದೆ.

ಹಂತ 1: ತೋಟಕ್ಕೆ ಎಷ್ಟು ಲೋಹ ಸೇರಿದೆ ಎಂಬ ಲೆಕ್ಕ

ಪ್ರಯೋಗಾಲಯಕ್ಕೆ ಹೋಗುವ ಮುನ್ನ ಮನೆಯಲ್ಲೇ ಒಂದು ಲೆಕ್ಕ ಮಾಡಿ. ಮೈಲುತುತ್ತಿನಲ್ಲಿ, ಅಂದರೆ ತಾಮ್ರದ ಸಲ್ಫೇಟಿನಲ್ಲಿ, ತೂಕದ ಸುಮಾರು ಕಾಲು ಭಾಗ ತಾಮ್ರ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ (ತುತ್ತು ಮತ್ತು ಸುಣ್ಣ ಬೆರೆಸಿದ ಮದ್ದಿಗೆ) 100 ಲೀಟರ್ ನೀರಿಗೆ 1 ಕಿಲೋ ತುತ್ತು ಹಾಕುತ್ತೇವೆ, ಅಂದರೆ 250 ಗ್ರಾಂ ತಾಮ್ರ. ಒಂದು ಎಕರೆಗೆ ಒಂದು ಸುತ್ತಿನಲ್ಲಿ 500 ಲೀಟರ್ ಬಿಟ್ಟು, ಮಳೆಗಾಲದಲ್ಲಿ ಮೂರು ಸುತ್ತು ಮಾಡುವವರಾದರೆ ವರ್ಷಕ್ಕೆ 15 ಕಿಲೋ ತುತ್ತು, ಅದರಲ್ಲಿ ಸುಮಾರು 3.75 ಕಿಲೋ ತಾಮ್ರ. ಮೂವತ್ತು ವರ್ಷಕ್ಕೆ ಅದು 112 ಕಿಲೋ ದಾಟುತ್ತದೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ, ಎಲ್ಲವೂ ಅಲ್ಲಿಯೇ ಉಳಿದು ಸಮವಾಗಿ ಹರಡಿದ್ದರೆ, ಒಂದು ಕಿಲೋ ಮಣ್ಣಿಗೆ ಸುಮಾರು 125 ಮಿಲಿಗ್ರಾಂ ತಾಮ್ರ ಹೊಸದಾಗಿ ಸೇರಿದಂತಾಯಿತು. ಈ ಅಂಕಿಗಳ ಜಾಗದಲ್ಲಿ ನಿಮ್ಮ ತೋಟದ ಲೀಟರು, ಸುತ್ತು, ವರ್ಷಗಳನ್ನು ಹಾಕಿ ನೋಡಿ. ಕರಿಮೆಣಸಿನ ಸೊರಗು ರೋಗಕ್ಕೆ ಬುಡಕ್ಕೆ ಹೊಯ್ದ ಕಾಪರ್ ಆಕ್ಸಿಕ್ಲೋರೈಡನ್ನು ಮರೆಯಬೇಡಿ. ಶೇಕಡಾ 50ರ ಪುಡಿಯಲ್ಲಿ ಅರ್ಧ ತೂಕ ತಾಮ್ರವೇ, ಮತ್ತು ಅದು ನೇರವಾಗಿ ಬೇರಿನ ಮೇಲೆ ಬೀಳುತ್ತದೆ.

ತಾಮ್ರದ ಹೊರತಾಗಿ ಬೇರೆ ಮೂಲಗಳಿದ್ದರೆ ಅವನ್ನೂ ಬರೆದುಕೊಳ್ಳಿ. ಪಟ್ಟಣದ ಕಸದಿಂದ ತಯಾರಿಸಿದ ಗೊಬ್ಬರ, ಕೋಳಿಗೊಬ್ಬರ (ಕೋಳಿ ಆಹಾರಕ್ಕೆ ಸೇರಿಸುವ ತಾಮ್ರ ಮತ್ತು ಸತು ಅದರಲ್ಲಿ ಹೊರಬರುತ್ತದೆ), ಕ್ಯಾಡ್ಮಿಯಂ ಅಂಶವಿರಬಹುದಾದ ಶಿಲಾರಂಜಕ ಮೂಲದ ಗೊಬ್ಬರ, ಬಣ್ಣ ಬಳಿದ ಮರ ಸುಟ್ಟ ಬೂದಿ, ಹಳೆಯ ಬ್ಯಾಟರಿ ಬಿಚ್ಚಿದ ಜಾಗ, ಹೆದ್ದಾರಿಯ ಅಂಚು. ಸೀಸ ಸೇರಿಸಿದ ಪೆಟ್ರೋಲು ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ನಿಂತಿತಾದರೂ ಅದಕ್ಕೂ ಮೊದಲು ರಸ್ತೆಬದಿಯ ಮಣ್ಣಿಗೆ ಬಿದ್ದ ಸೀಸ ಅಲ್ಲಿಯೇ ಇದೆ.

ಹಂತ 2: ಮಣ್ಣಿನ ಮಾದರಿ ತೆಗೆಯುವುದು

ಮೊದಲ ಸುತ್ತಿನ ಮದ್ದಿಗೆ ಮುನ್ನ, ಎಪ್ರಿಲ್ ತಿಂಗಳು ಇದಕ್ಕೆ ಒಳ್ಳೆಯ ಕಾಲ. ಸುಣ್ಣವನ್ನೋ ಗೊಬ್ಬರವನ್ನೋ ಹಾಕಿ ಮೂರು ತಿಂಗಳಾದರೂ ಕಳೆದಿರಬೇಕು. ಮರದ ಬುಡದ ಪಾತಿಯಿಂದ ಒಂದು, ಸಾಲುಗಳ ನಡುವಿನಿಂದ ಒಂದು, ತರಕಾರಿ ಪಾತಿಯಿಂದ ಒಂದು, ಹೀಗೆ ಪ್ರತ್ಯೇಕ ಮಾದರಿ ಮಾಡಿ. ಪ್ರತಿಯೊಂದಕ್ಕೂ ಹತ್ತು ಹದಿನೈದು ಕಡೆ ಮೇಲಿನ ತರಗೆಲೆ ಸರಿಸಿ, 15 ಸೆಂಟಿಮೀಟರ್ ಆಳದ ತ್ರಿಕೋನಾಕಾರದ ಗುಳಿ ತೋಡಿ, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಮಣ್ಣಿನ ಹೋಳನ್ನು ಕೆತ್ತಿ ತೆಗೆಯಿರಿ. ಎಲ್ಲವನ್ನೂ ಬಕೆಟಿನಲ್ಲಿ ಕಲಸಿ, ಕಾಗದದ ಮೇಲೆ ಹರಡಿ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳುತ್ತ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ.

ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು, ಹಾರೆಯಿಂದ ಒಂದು ಅಡಿ ಆಳ ಅಗೆದು ಎಲ್ಲವನ್ನೂ ಸೇರಿಸಿಬಿಡುವುದು. ತಾಮ್ರವು ಮೇಲ್ಪದರದ ಕೊಳೆತ ಸೊಪ್ಪಿನ ಅಂಶಕ್ಕೆ ಬಲವಾಗಿ ಅಂಟಿಕೊಂಡು ಅಲ್ಲಿಯೇ ನಿಲ್ಲುವ ಲೋಹವಾದ್ದರಿಂದ ಕೆಳಗಿನ ಮಣ್ಣು ಬೆರೆತರೆ ಅಂಕಿ ಸುಳ್ಳಾಗಿ ಇಳಿಯುತ್ತದೆ. ಆಳದ್ದು ಬೇಕಾದರೆ 15ರಿಂದ 30 ಸೆಂಟಿಮೀಟರಿನದನ್ನು ಬೇರೆ ಚೀಲದಲ್ಲಿ ಕೊಡಿ. ಮದ್ದು ಕಲಸುವ ಜಾಗದ ಮಣ್ಣನ್ನೂ ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು. ಎಷ್ಟೋ ತೋಟಗಳಲ್ಲಿ ಕೆರೆದಡದ ಡ್ರಮ್ಮಿನ ಸುತ್ತ ಎರಡು ಮಾರು ಜಾಗದಲ್ಲಿ ನೀಲಿಹಸಿರು ಕಲೆ ಹತ್ತಿದ ಮುರಕಲ್ಲು (ಜಂಬಿಟ್ಟಿಗೆ ಕಲ್ಲು), ಅದರ ಮೇಲೆ ತೆಳ್ಳಗೆ ಪಾಚಿ, ಮಳೆಗಾಲದ ನಡುವಿನಲ್ಲೂ ಒಂದು ಗರಿಕೆ ಕಾಣದ ನೆಲವನ್ನು ನಾನು ನೋಡಿದ್ದೇನೆ. ಅಂತಹ ಮಣ್ಣು ಒಂದು ಹಿಡಿ ಸೇರಿದರೂ ಇಡೀ ತೋಟದ ವರದಿ ಕೆಡುತ್ತದೆ.

ಮಾದರಿಯನ್ನು ನಿಮ್ಮ ಪಂಚಾಯತಿನ ಕೃಷಿ ಭವನದ ಮೂಲಕ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕಳುಹಿಸಬಹುದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಸಿಆರ್‌ಐ) ಮತ್ತು ಪಡನ್ನಕ್ಕಾಡಿನ ಕೃಷಿ ಕಾಲೇಜಿನಲ್ಲಿ ವಿಚಾರಿಸುವುದೂ ಒಳ್ಳೆಯದು. ಸಾಮಾನ್ಯ ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ಸೇರಿರುವುದಿಲ್ಲ. ಅವು ಬೇಕೆಂದು ಬರೆದುಕೊಡಬೇಕು. ತಾಮ್ರದ ಒಟ್ಟು ಪ್ರಮಾಣ, ಸಸ್ಯಲಭ್ಯ (ಬೇರಿಗೆ ಸಿಗಬಹುದಾದ) ಪ್ರಮಾಣ, ಪಿಎಚ್ (ಹುಳಿಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಮತ್ತು ಸಾವಯವ ಇಂಗಾಲ, ಈ ನಾಲ್ಕನ್ನೂ ಕೇಳಿ ಪಡೆಯಿರಿ.

ಹಂತ 3: ಬೇರನ್ನು ಅಗೆದು ನೋಡುವುದು

ವರದಿ ಬರುವವರೆಗೆ ಕಾಯುತ್ತ ಕೂರಬೇಕಿಲ್ಲ. ಲೋಹ ಹೆಚ್ಚಾದಾಗ ಮೊದಲು ನರಳುವುದು ಬೇರು. ಎಲೆಯಲ್ಲಿ ಲಕ್ಷಣ ಕಾಣುವ ಹೊತ್ತಿಗೆ ಬೇರು ಬಹಳ ದಿನಗಳಿಂದ ಕಷ್ಟದಲ್ಲಿರುತ್ತದೆ. ಪಾತಿಯಲ್ಲಿನ ಒಂದು ಬಸಳೆ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಎತ್ತಿ, ಕೀಳದೆ, ಬಕೆಟಿನ ನೀರಿನಲ್ಲಿ ಅರ್ಧ ಗಂಟೆ ನೆನೆಯಲು ಬಿಡಿ. ಮಣ್ಣು ತಾನಾಗಿ ಕಳಚಿದ ಮೇಲೆ ಬಿಳಿ ತಟ್ಟೆಯಲ್ಲಿ ನೀರು ಹಾಕಿ ಬೇರನ್ನು ತೇಲಿಸಿ ನೋಡಿ. ಆರೋಗ್ಯದ ಬೇರು ಬಿಳಿಯಾಗಿ, ಉದ್ದಕ್ಕೆ ಹರಡಿ, ತುದಿಯ ಬಳಿ ನವಿರಾದ ರೋಮಗಳಿಂದ ಕೂಡಿರುತ್ತದೆ. ತಾಮ್ರ ಹೆಚ್ಚಾದ ಮಣ್ಣಿನ ಬೇರು ಕಂದಾಗಿ, ಗಿಡ್ಡಗೆ, ದಪ್ಪಗೆ, ತುದಿ ಮೊಂಡಾಗಿ ಸವೆದ ಹಿಡಿಸೂಡಿಯಂತೆ ಕಾಣುತ್ತದೆ. ರೋಮಗಳು ಇರುವುದೇ ಇಲ್ಲ. ಹೀರುವ ಮೇಲ್ಮೈ ಇಲ್ಲದ ಆ ಬೇರು ಗೊಬ್ಬರ ಕೊಟ್ಟರೂ ತೆಗೆದುಕೊಳ್ಳಲಾರದು, ಎಳೆಯ ಎಲೆಗಳು ನರ ಹಸಿರಾಗಿಯೇ ಇದ್ದು ನಡುವೆ ಹಳದಿಯಾಗುತ್ತವೆ, ಮತ್ತು ರೈತರು ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ಅಗೆಯುವಾಗ ಎರೆಹುಳುಗಳನ್ನೂ ಎಣಿಸಿ. ತಾಮ್ರ ಹೆಚ್ಚಿರುವ ಮಣ್ಣನ್ನು ಅವು ಬಿಟ್ಟು ಹೋಗುತ್ತವೆ.

ಇದಕ್ಕೆ ಪೂರಕವಾಗಿ ಹುರುಳಿಯ ಪರೀಕ್ಷೆ ಮಾಡಬಹುದು. ಎರಡು ಕುಂಡಗಳಿಗೆ ಸಂಶಯದ ಮಣ್ಣು, ಎರಡಕ್ಕೆ ಅದೇ ಮಣ್ಣಿಗೆ ಸ್ವಲ್ಪ ಸುಣ್ಣದ ಪುಡಿ ಬೆರೆಸಿದ್ದು, ಉಳಿದೆರಡಕ್ಕೆ ಮದ್ದು ಎಂದೂ ಬೀಳದ ಜಾಗದ ಅದೇ ಬಗೆಯ ಮಣ್ಣು ತುಂಬಿ. ಪ್ರತಿಯೊಂದರಲ್ಲಿ ಹತ್ತು ಹುರುಳಿ ಬಿತ್ತಿ, ಸಮನಾಗಿ ನೀರು ಕೊಟ್ಟು, ಹನ್ನೆರಡನೆಯ ದಿನ ಬೇರುಗಳನ್ನು ತೊಳೆದು ಉದ್ದ ಅಳೆಯಿರಿ. ಒಂದು ಎಚ್ಚರಿಕೆ: ನಮ್ಮ ಹುಳಿಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಬಂದಾಗಲೂ ಬೇರು ಹೀಗೆಯೇ ಮೊಂಡಾಗುತ್ತದೆ, ಸುಣ್ಣ ಹಾಕಿದರೆ ಅಲ್ಯುಮಿನಿಯಂ ಮತ್ತು ತಾಮ್ರ ಎರಡರ ಬಾಧೆಯೂ ತಗ್ಗುತ್ತದೆ. ಆದ್ದರಿಂದ ಬೇರು ಕಷ್ಟದಲ್ಲಿದೆಯೇ, ಸುಣ್ಣದಿಂದ ಚೇತರಿಸುತ್ತದೆಯೇ ಎಂಬುದನ್ನಷ್ಟೇ ಈ ಪರೀಕ್ಷೆ ಹೇಳುತ್ತದೆ. ಕಾರಣ ಯಾವ ಲೋಹ ಎಂಬುದನ್ನು ವರದಿಯೇ ಹೇಳಬೇಕು.

ಹಂತ 4: ವರದಿಯನ್ನು ಓದುವುದು

ಒಟ್ಟು ಪ್ರಮಾಣ ಎಂದರೆ ಮಣ್ಣಿನಲ್ಲಿರುವ ಲೋಹವೆಲ್ಲ. ಸಸ್ಯಲಭ್ಯ ಪ್ರಮಾಣ ಎಂದರೆ ಬೇರಿಗೆ ಸಿಗಬಹುದಾದ ಅಂಶ. ಎರಡನ್ನೂ ಕಿಲೋಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ, ಪಿಪಿಎಂ ಎಂದರೂ ಅದೇ. ಸಸ್ಯಲಭ್ಯ ಅಂಶವನ್ನು ಡಿಟಿಪಿಎ ಎಂಬ ದ್ರಾವಣದಿಂದಲೋ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಿಂದಲೋ ಅಳೆಯುತ್ತಾರೆ, ಹುಳಿಮಣ್ಣಿಗೆ ಎರಡನೆಯದನ್ನು ಬಳಸುವ ರೂಢಿಯಿದೆ. ಒಂದು ವಿಧಾನದ ಅಂಕಿಯನ್ನು ಇನ್ನೊಂದರ ಮಿತಿಗೆ ಹೋಲಿಸಬಾರದು. ವರದಿಯಲ್ಲಿ ವಿಧಾನದ ಹೆಸರಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಒಟ್ಟು ಪ್ರಮಾಣಕ್ಕೆ ಒಂದು ಅಳತೆಗೋಲಾಗಿ ಹೇಳುವುದಾದರೆ, ಚರಂಡಿ ಕೆಸರನ್ನು ಹೊಲಕ್ಕೆ ಬಳಸುವ ಬಗ್ಗೆ ಐರೋಪ್ಯ ದೇಶಗಳು 1986ರಲ್ಲಿ ಮಾಡಿದ ನಿಯಮದಲ್ಲಿ ಪಿಎಚ್ 6ರಿಂದ 7ರ ಮಣ್ಣಿಗೆ ತಾಮ್ರದ ಮಿತಿ ಕಿಲೋಗೆ 50ರಿಂದ 140 ಮಿಲಿಗ್ರಾಂ, ಸೀಸ 50ರಿಂದ 300, ಕ್ಯಾಡ್ಮಿಯಂ 1ರಿಂದ 3. ಮೊದಲ ಹಂತದ ನಮ್ಮ ಲೆಕ್ಕದ 125 ಈ ಮಿತಿಯ ಮೇಲಂಚಿಗೆ ಹತ್ತಿರವಿದೆ. ಗಮನಿಸಬೇಕಾದದ್ದು ಪಿಎಚ್ 6ರಿಂದ 7 ಎಂಬ ಮಾತು. ನಮ್ಮ ಮುರಮಣ್ಣು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಹುಳಿ, ಹಾಗಾಗಿ ಅಷ್ಟೇ ತಾಮ್ರ ಇಲ್ಲಿ ಹೆಚ್ಚು ಕಾಡುತ್ತದೆ. ಅದೇ ಮಣ್ಣಿನಲ್ಲಿ ಧಾರಾಳವಾಗಿರುವ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಲೋಹವನ್ನು ಹಿಡಿದಿಡುತ್ತವೆ ಎಂಬುದು ಅದರ ಅನುಕೂಲ. ಹುಳಿಯನ್ನು ತಗ್ಗಿಸಿದರೆ ಈ ಅನುಕೂಲ ನಮ್ಮ ಪಾಲಿಗೆ ಬರುತ್ತದೆ.

ಹಂತ 5: ಬೇರುವಲಯದ ಹುಳಿಯನ್ನು ತಗ್ಗಿಸುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಮತ್ತು ಎಲ್ಲಕ್ಕಿಂತ ಅಗ್ಗವಾದ ಹಂತ. ಪಿಎಚ್ 5ರಲ್ಲಿರುವ ಮಣ್ಣನ್ನು 6ರಿಂದ 6.5ಕ್ಕೆ ಏರಿಸಿದರೆ ತಾಮ್ರ, ಸತು, ಸೀಸ, ಕ್ಯಾಡ್ಮಿಯಂ ನಾಲ್ಕೂ ಮಣ್ಣಿನ ಕಣಕ್ಕೆ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತವೆ. ಎಷ್ಟು ಸುಣ್ಣ ಬೇಕೆಂಬುದನ್ನು ಪರೀಕ್ಷಾ ಕೇಂದ್ರದವರಿಂದಲೇ ಬರೆಸಿಕೊಳ್ಳಿ. ಒಂದೇ ಪಿಎಚ್ ಇರುವ ಎರಡು ತೋಟಗಳಿಗೂ ಮಣ್ಣಿನ ಜಿಗುಟು ಮತ್ತು ಸಾವಯವ ಅಂಶಕ್ಕೆ ತಕ್ಕಂತೆ ಪ್ರಮಾಣ ಬದಲಾಗುತ್ತದೆ. ಅರಳದ ಸುಣ್ಣವನ್ನು ನೇರವಾಗಿ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಅರಳಿಸಿ ಪುಡಿಯಾದ ಚಿಪ್ಪುಸುಣ್ಣ ಅಥವಾ ಡೋಲಮೈಟನ್ನು ಮಳೆಗೆ ಮುನ್ನ ಪಾತಿಯ ತುಂಬ ಹರಡಿ ಮಣ್ಣಿನಲ್ಲಿ ಲಘುವಾಗಿ ಬೆರೆಸಿ. ಗೊಬ್ಬರಕ್ಕೂ ಸುಣ್ಣಕ್ಕೂ ನಡುವೆ ಎರಡು ಮೂರು ವಾರ ಬಿಡುವಿರಲಿ. ಪಿಎಚ್ 7 ದಾಟುವಷ್ಟು ಸುಣ್ಣ ಹಾಕಿದರೆ ಸತು, ಬೋರಾನ್, ಮ್ಯಾಂಗನೀಸ್‌ಗಳ ಕೊರತೆಯನ್ನು ನೀವೇ ತಂದುಕೊಂಡಂತೆ. ವರದಿಯಲ್ಲಿ ಆರ್ಸೆನಿಕ್ ಹೆಚ್ಚಿದ್ದರೆ ಸುಣ್ಣದ ವಿಷಯದಲ್ಲಿ ತಜ್ಞರನ್ನು ಕೇಳದೆ ಮುಂದುವರಿಯಬೇಡಿ, ಏಕೆಂದರೆ ಪಿಎಚ್ ಏರಿದಾಗ ಅದು ಇತರ ಲೋಹಗಳಿಗೆ ವಿರುದ್ಧವಾಗಿ ಸಡಿಲಗೊಳ್ಳುತ್ತದೆ.

ಸುಣ್ಣದ ಜೊತೆಗೆ ಸಾವಯವ ಗೊಬ್ಬರವೂ ಬೇಕು. ತಾಮ್ರಕ್ಕೂ ಕಳಿತ ಗೊಬ್ಬರಕ್ಕೂ ಬಿಡದ ನಂಟು. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಎರೆಗೊಬ್ಬರ, ತೆಂಗಿನ ಗೆರಟೆಯ ಇದ್ದಿಲಿನ ಪುಡಿ ಇವೆಲ್ಲ ಅದನ್ನು ಕಟ್ಟಿಹಾಕುತ್ತವೆ. ಹಸಿ ಸೊಪ್ಪನ್ನೂ ಅರೆಕೊಳೆತ ಸಗಣಿಯನ್ನೂ ರಾಶಿ ಹಾಕಿದರೆ ಅವುಗಳಿಂದ ಹೊರಡುವ ಕರಗುವ ಆಮ್ಲಗಳು ಕೆಲವು ವಾರ ತಾಮ್ರವನ್ನು ಇನ್ನಷ್ಟು ಸಡಿಲಗೊಳಿಸಬಲ್ಲವು, ಆದ್ದರಿಂದ ಕಳಿತದ್ದನ್ನೇ ಹಾಕಿ. ಅಮೋನಿಯಂ ಸಲ್ಫೇಟು ಮತ್ತು ಯೂರಿಯಾವನ್ನು ವರ್ಷಗಟ್ಟಲೆ ಹಾಕಿದ ತೋಟದಲ್ಲಿ ಹುಳಿ ಏರುತ್ತಲೇ ಇರುತ್ತದೆ. ಶಿಫಾರಸಿಗಿಂತ ಹೆಚ್ಚು ಕೊಡಬೇಡಿ, ಒಮ್ಮೆಗೇ ಕೊಡದೆ ಭಾಗ ಮಾಡಿ ಕೊಡಿ.

ಇನ್ನು ಮೈಕೊರೈಜಾ, ಅಂದರೆ ಬೇರಿನೊಡನೆ ಕೂಡಿ ಬದುಕುವ ಶಿಲೀಂಧ್ರ. ಅದರ ನೂಲುಗಳು ಲೋಹವನ್ನು ತಮ್ಮಲ್ಲಿ ತಡೆಹಿಡಿಯುತ್ತವೆ, ರಂಜಕವನ್ನು ದೂರದಿಂದ ತರುತ್ತವೆ. ತಾಮ್ರದ ಮದ್ದು ಶಿಲೀಂಧ್ರನಾಶಕವಾದ್ದರಿಂದ ಈ ಮಿತ್ರನನ್ನೂ ಕುಂದಿಸುತ್ತದೆ. ನೆಲವನ್ನು ಅಗೆಯದೆ ಮುಚ್ಚಿಗೆಯಲ್ಲಿಟ್ಟರೆ ಅದು ಮತ್ತೆ ಚೇತರಿಸಿಕೊಳ್ಳುವ ಅವಕಾಶ ಹೆಚ್ಚು.

ಹಂತ 6: ಲೋಹವನ್ನು ನೋಡಿ ಬೆಳೆಯನ್ನು ಆರಿಸುವುದು

ವರದಿಯಲ್ಲಿ ಹೆಚ್ಚಿರುವುದು ತಾಮ್ರ ಮಾತ್ರವಾದರೆ ತಿನ್ನುವವರ ಆರೋಗ್ಯಕ್ಕಿಂತ ಬೆಳೆಯ ಆರೋಗ್ಯದ ಚಿಂತೆ ದೊಡ್ಡದು. ಬೇರು ತಾಮ್ರವನ್ನು ತನ್ನಲ್ಲಿಯೇ ಉಳಿಸಿಕೊಳ್ಳುವುದರಿಂದ ಅಡಿಕೆಗೋ ಬಾಳೆಕಾಯಿಗೋ ಅಲಸಂಡೆಗೋ ಏರುವುದು ಅಲ್ಪ. ಮೊದಲ ಪ್ರಶ್ನೆಗೆ ಉತ್ತರವೂ ಇದೇ: ತಾಮ್ರ ಮಾತ್ರ ಹೆಚ್ಚಿರುವ ಮಣ್ಣಿಗೆ ಸುಣ್ಣ, ಗೊಬ್ಬರ ಕೊಟ್ಟು ಬಸಳೆ ಬೆಳೆದರೆ ಬೇರಿನ ದಾರಿಯಿಂದ ಬರುವ ಅಪಾಯ ಕಡಿಮೆ. ಆದರೆ ಮರದ ಮೇಲಿನಿಂದ ತೊಟ್ಟಿಕ್ಕುವ ಮದ್ದು ಎಲೆಯ ಮೇಲೆ ನೇರವಾಗಿ ಕೂರುತ್ತದೆ, ಅದಕ್ಕೆ ಬೇರು ಯಾವ ತಡೆಯನ್ನೂ ಒಡ್ಡಲಾರದು. ಅಡಿಕೆ ಮರಕ್ಕೆ ಹಬ್ಬಿಸಿದ ವೀಳ್ಯದೆಲೆಯನ್ನು ಹಸಿಯಾಗಿಯೇ ಜಗಿಯುವವರು ನಾವು. ಮದ್ದು ಬಿಡುವ ಮುನ್ನ ಬೇಕಾದಷ್ಟು ಎಲೆ ಕೊಯ್ದಿಟ್ಟುಕೊಳ್ಳಿ, ಬಿಟ್ಟ ಮೇಲೆ ಹೊಸ ಚಿಗುರಿನ ಎಲೆ ಬರುವವರೆಗೆ ಕಾಯಿರಿ.

ಕ್ಯಾಡ್ಮಿಯಂ ಹೆಚ್ಚಿದ್ದರೆ ಹರಿವೆ, ಪಾಲಕ್, ಬಸಳೆಯಂತಹ ಸೊಪ್ಪುಗಳನ್ನು ಅಲ್ಲಿ ಬೆಳೆಯಲೇಬೇಡಿ. ಸೊಪ್ಪಿನಲ್ಲಿ ಅದು ಹೆಚ್ಚು, ಗೆಡ್ಡೆಯಲ್ಲಿ ಅದಕ್ಕಿಂತ ಕಡಿಮೆ, ಸೌತೆ, ಬೆಂಡೆ, ಅಲಸಂಡೆಯಂತಹ ಕಾಯಿಗಳಲ್ಲಿ ಇನ್ನೂ ಕಡಿಮೆ. ಅಂತರರಾಷ್ಟ್ರೀಯ ಆಹಾರ ಮಾನದಂಡದಂತೆ ಸೊಪ್ಪಿನ ಹಸಿ ತೂಕದ ಕಿಲೋ ಒಂದರಲ್ಲಿ ಕ್ಯಾಡ್ಮಿಯಂ 0.2 ಮಿಲಿಗ್ರಾಂ, ಸೀಸ 0.3 ಮಿಲಿಗ್ರಾಂ ಮೀರಬಾರದು. ಸತುವಿನ ಕೊರತೆಯಿರುವ ಮಣ್ಣಿನಲ್ಲಿ ಬೇರು ಸತುವನ್ನು ಹುಡುಕುತ್ತ ಕ್ಯಾಡ್ಮಿಯಂ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ, ಆದ್ದರಿಂದ ವರದಿ ಕೊರತೆ ತೋರಿಸಿದರೆ ಮಾತ್ರ, ಹೇಳಿದಷ್ಟು ಮಾತ್ರ, ಸತುವಿನ ಸಲ್ಫೇಟು ಕೊಡಿ.

ಸೀಸ ಇರುವ ಜಾಗದಲ್ಲಿ ಮುಖ್ಯ ಅಪಾಯ ಸೊಪ್ಪಿಗೆ ಎರಚಿದ ಮಣ್ಣು ಮತ್ತು ಗೆಡ್ಡೆಯ ಸಿಪ್ಪೆಗೆ ಅಂಟಿದ ಮಣ್ಣು. ಗೆಣಸು, ಕೆಸು, ಶುಂಠಿ, ಅರಿಶಿನ ಅಲ್ಲಿ ಬೇಡ. ಮಕ್ಕಳು ಆಡುವ ಅಂಗಳವಾದರೆ ನೆಲವನ್ನು ಮುಚ್ಚಿಗೆಯಿಂದ ಮುಚ್ಚಿಡಿ.

ಹಂತ 7: ಬೈಲಿನ ಗದ್ದೆಯಿದ್ದರೆ

ತೋಟದ ಕಣಿಗಳ (ಬಸಿಗಾಲುವೆಗಳ) ನೀರು ಇಳಿಯುವುದು ಬೈಲಿಗೆ, ಅಂದರೆ ತಗ್ಗಿನ ಗದ್ದೆಗೆ. ಅಲ್ಲಿ ಭತ್ತದ ಬೇರಿನ ಕೆಲಸವೇ ಬೇರೆ ಬಗೆಯದು. ನೀರು ನಿಂತ ಗದ್ದೆಯಿಂದ ಒಂದು ಬುಡ ಕಿತ್ತು ತೊಳೆದರೆ ಹಳೆಯ ಬೇರುಗಳ ಮೇಲೆ ತುಕ್ಕಿನ ಬಣ್ಣದ ಲೇಪ ಕಾಣುತ್ತದೆ, ಎಳೆಯ ತುದಿಗಳು ಮಾತ್ರ ಬೆಳ್ಳಗಿರುತ್ತವೆ. ಭತ್ತವು ಕಾಂಡದೊಳಗಿನ ಪೊಳ್ಳಿನ ಮೂಲಕ ಉಸಿರನ್ನು ಬೇರಿಗೆ ಇಳಿಸುತ್ತದೆ, ಬೇರಿನಿಂದ ಹೊರಸೂಸಿದ ಆಮ್ಲಜನಕ ಕೆಸರಿನಲ್ಲಿ ಕರಗಿದ್ದ ಕಬ್ಬಿಣವನ್ನು ತುಕ್ಕಾಗಿಸಿ ಅಲ್ಲಿಯೇ ಕೂರಿಸುತ್ತದೆ. ಈ ಲೇಪ ಆರ್ಸೆನಿಕ್ ಮತ್ತು ಕೆಲವು ಲೋಹಗಳನ್ನು ಹಿಡಿದುಕೊಳ್ಳುತ್ತದೆ. ನೋಡಿದವರು ರೋಗವೆಂದು ಭಾವಿಸಿ ಮದ್ದು ಕೇಳುತ್ತಾರೆ. ತೆಳುವಾದ ಕೆಂಗಂದು ಲೇಪ ಸಹಜ, ಬೇರು ಕಪ್ಪಾಗಿ ಕೊಳೆತ ವಾಸನೆ ಬಂದರೆ ಮಾತ್ರ ಚಿಂತಿಸಬೇಕು.

ನೀರು ನಿಂತಾಗ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಕರಗದ ರೂಪ ತಾಳುತ್ತದೆ, ಗದ್ದೆ ಒಣಗಿದರೆ ಮತ್ತೆ ಸಡಿಲಗೊಳ್ಳುತ್ತದೆ. ಆರ್ಸೆನಿಕ್ ಇದಕ್ಕೆ ಸರಿಯಾಗಿ ವಿರುದ್ಧ. ಹಾಗಾಗಿ ಕ್ಯಾಡ್ಮಿಯಂ ಇರುವ ಗದ್ದೆಯಲ್ಲಿ ತೆನೆ ಹೊರಡುವ ಹೊತ್ತಿನ ಮೊದಲು ಮತ್ತು ಅನಂತರದ ಎರಡು ಮೂರು ವಾರ ಗದ್ದೆಯಲ್ಲಿ ನೀರು ನಿಂತೇ ಇರುವಂತೆ ನೋಡಿಕೊಳ್ಳಬೇಕು, ಆರ್ಸೆನಿಕ್ ಇರುವಲ್ಲಿ ನಡುನಡುವೆ ಗದ್ದೆಯನ್ನು ಒಣಗಲು ಬಿಡಬೇಕು. ಎರಡೂ ಇದ್ದರೆ ತಜ್ಞರ ಸಲಹೆಯಿಲ್ಲದೆ ನಿರ್ಧರಿಸಬಾರದು.

ಹಂತ 8: ಹೀರಿ ತೆಗೆಯುವ ಗಿಡಗಳ ಬಗ್ಗೆ ನಿರ್ಧಾರ

ಈಗ ಸಾಸಿವೆಯ ಪ್ರಶ್ನೆ. ಸಾಸಿವೆ, ಸೂರ್ಯಕಾಂತಿಗಳು ಲೋಹ ಹೀರುತ್ತವೆ ಎಂಬುದು ಸುಳ್ಳಲ್ಲ. ಆರ್ಸೆನಿಕ್ ಅನ್ನು ಅಪಾರವಾಗಿ ಎಲೆಯಲ್ಲಿ ತುಂಬಿಕೊಳ್ಳುವ ಪ್ಟೆರಿಸ್ ವಿಟ್ಟಾಟ ಎಂಬ ಜರೀಗಿಡವನ್ನು 2001ರಲ್ಲಿ ವಿಜ್ಞಾನಿಗಳು ಗುರುತಿಸಿದ್ದೂ ನಿಜ. ನಮ್ಮ ತಾಮ್ರದ ಲೆಕ್ಕಕ್ಕೆ ಮಾತ್ರ ಅದು ಹೊಂದುವುದಿಲ್ಲ. ಎಕರೆಗೆ 2 ಟನ್ ಒಣ ಸಾಸಿವೆ ಗಿಡ ಬಂದು, ಅದರ ಕಿಲೋಗೆ 100 ಮಿಲಿಗ್ರಾಂ ತಾಮ್ರ ಏರಿದೆ ಎಂದೇ ಇಟ್ಟುಕೊಳ್ಳಿ, ಇದು ಬಹಳ ಉದಾರವಾದ ಅಂಕಿ. ಆಗಲೂ ಹೊರಹೋಗುವುದು 200 ಗ್ರಾಂ. 112 ಕಿಲೋ ತೆಗೆಯಲು ಐನೂರು ವರ್ಷ ಮೀರುತ್ತದೆ. ಒಂದೇ ಸುತ್ತಿನ ಮದ್ದಿನಲ್ಲಿ ಅದರ ಆರು ಪಟ್ಟು, ಅಂದರೆ 1.25 ಕಿಲೋ ತಾಮ್ರವನ್ನು ನಾವು ಮತ್ತೆ ಹಾಕಿರುತ್ತೇವೆ. ಸಾಸಿವೆಯ ಬೀಜಕ್ಕೆ ಹಣ ಸುರಿಯಬೇಡಿ. ಬೆಳೆದರೂ ಗಿಡವನ್ನು ಅಲ್ಲಿಯೇ ಕೊಳೆಸಿದರೆ ಲೋಹ ಅಲ್ಲಿಯೇ ಮರಳುತ್ತದೆ, ದನಕ್ಕೆ ಹಾಕಿದರೆ ಇನ್ನೂ ತಪ್ಪು.

ಮದ್ದು ಕಲಸುವ ಜಾಗದಂತಹ ತೀವ್ರವಾಗಿ ಕೆಟ್ಟ ತುಂಡು ನೆಲಕ್ಕೆ ಲಾವಂಚ (ರಾಮಚ್ಚ) ಒಳ್ಳೆಯ ಆಯ್ಕೆ. ಅದರ ದಟ್ಟವಾದ ಆಳದ ಬೇರು ಮಣ್ಣನ್ನು ಕೊಚ್ಚಿಹೋಗದಂತೆ ಹಿಡಿದು ಲೋಹವನ್ನು ಬಹುಪಾಲು ತನ್ನಲ್ಲಿಯೇ ಉಳಿಸಿಕೊಳ್ಳುತ್ತದೆ. ಕಣಿಗೆ, ಕೆರೆಗೆ, ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರಿಗೆ ಮಣ್ಣು ಇಳಿಯುವುದು ತಪ್ಪುತ್ತದೆ. ಮೊದಲು ಸುಣ್ಣ, ಗೊಬ್ಬರ ಬೆರೆಸಿ ನೆಟ್ಟರೆ ಬೇರೂರುತ್ತದೆ. ಆದರೆ ಅಲ್ಲಿ ಬೆಳೆದ ಲಾವಂಚದ ಬೇರನ್ನು ಕುಡಿಯುವ ನೀರಿಗೆ ಹಾಕುವುದಾಗಲಿ, ಅಂಗಡಿಗೆ ಮಾರುವುದಾಗಲಿ ಎಂದಿಗೂ ಕೂಡದು. ರಾಮಚ್ಚದ ನೀರು ಕುಡಿಯುವ ಅಭ್ಯಾಸ ಇಲ್ಲಿ ಮನೆಮನೆಯಲ್ಲಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮುಂದಿನ ತಲೆಮಾರಿಗೆ ತಿಳಿಯುವಂತೆ ಅಲ್ಲೊಂದು ಗುರುತುಕಲ್ಲು ನೆಡಿ.

ಹಂತ 9: ಹೊಸ ತಾಮ್ರವನ್ನು ಮಿತಗೊಳಿಸುವುದು

ಮದ್ದನ್ನೇ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ; ಕೊಳೆರೋಗಕ್ಕೆ ಸಿಕ್ಕ ತೋಟದಲ್ಲಿ ವರ್ಷದ ಅನ್ನವೇ ಉದುರಿ ಬೀಳುತ್ತದೆ. ಪ್ರಮಾಣ ಶೇಕಡಾ 1 ಮೀರದಿರಲಿ. ದ್ರಾವಣದಲ್ಲಿ ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ತುತ್ತು ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ, ಸುಣ್ಣದ ನೀರು ಸೇರಿಸಬೇಕು. ಗೊನೆಗೆ ಮಾತ್ರ ತಾಗುವಂತೆ, ಅಂಟು ಬೆರೆಸಿ, ಮಳೆ ಬಿಟ್ಟ ಹೊತ್ತಿನಲ್ಲಿ ಬಿಟ್ಟರೆ ನೆಲಕ್ಕೆ ಬೀಳುವುದು ಕಡಿಮೆಯಾಗುತ್ತದೆ ಮತ್ತು ಮೂರನೆಯ ಸುತ್ತು ಎಷ್ಟೋ ಬಾರಿ ತಪ್ಪುತ್ತದೆ. ಗೊನೆಗೆ ಪ್ಲಾಸ್ಟಿಕ್ ಹೊದಿಕೆ ಕಟ್ಟುವವರಿಗೆ ಮದ್ದಿನ ಅಗತ್ಯ ಇನ್ನೂ ಕಡಿಮೆ. ತಾಮ್ರವಿಲ್ಲದ ಶಿಲೀಂಧ್ರನಾಶಕವನ್ನು ಒಂದು ಸುತ್ತಿಗಾದರೂ ಬಳಸಬಹುದೇ ಎಂದು ಸಂಶೋಧನಾ ಸಂಸ್ಥೆಯಲ್ಲಿ ಕೇಳಿ. ಉಳಿದ ದ್ರಾವಣವನ್ನೂ ಡ್ರಮ್ಮು ತೊಳೆದ ನೀರನ್ನೂ ಕಣಿಗೆ ಚೆಲ್ಲದೆ ಮರಗಳಿಗೇ ಬಿಡಿ. ಕಲಸುವ ಜಾಗವನ್ನು ಸಿಮೆಂಟು ನೆಲ ಮಾಡಿ ಒಂದೇ ಕಡೆ ಇಟ್ಟುಕೊಳ್ಳಿ. ತೋಟದ ತರಗು, ಹಾಳೆ, ಸೋಗೆಗಳಿಂದ ಮಾಡಿದ ಗೊಬ್ಬರವನ್ನು ತೋಟಕ್ಕೇ ಹಾಕಿ, ತರಕಾರಿ ಪಾತಿಗೆ ಒಯ್ಯಬೇಡಿ. ಪಟ್ಟಣದ ಕಸದ ಗೊಬ್ಬರ ಕೊಳ್ಳುವಾಗ ಪರೀಕ್ಷಾ ಪತ್ರ ಕೇಳಿ: ನಮ್ಮ ದೇಶದ ರಸಗೊಬ್ಬರ ನಿಯಂತ್ರಣ ಆದೇಶದಂತೆ ಅದರ ಕಿಲೋ ಒಂದರಲ್ಲಿ ತಾಮ್ರ 300, ಸೀಸ 100, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ.

ಹಂತ 10: ಮತ್ತೆ ಪರೀಕ್ಷೆ

ಒಟ್ಟು ತಾಮ್ರದ ಅಂಕಿ ಇಳಿಯುತ್ತದೆ ಎಂದು ನಿರೀಕ್ಷಿಸಬೇಡಿ, ಅದು ಇಳಿಯುವುದಿಲ್ಲ. ನೋಡಬೇಕಾದದ್ದು ಪಿಎಚ್ ಏರಿದೆಯೇ, ಸಸ್ಯಲಭ್ಯ ತಾಮ್ರ ತಗ್ಗಿದೆಯೇ, ಬೇರಿನ ತುದಿ ಬೆಳ್ಳಗಾಗಿದೆಯೇ, ಎರೆಹುಳು ಮರಳಿದೆಯೇ ಎಂಬ ನಾಲ್ಕನ್ನು. ಪಿಎಚ್ ಅನ್ನು ವರ್ಷಕ್ಕೊಮ್ಮೆ, ಲೋಹಗಳನ್ನು ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಿದರೆ ಸಾಕು. ಮೊದಲ ಸಲದ ಅದೇ ಜಾಗ, ಅದೇ ಆಳ, ಅದೇ ತಿಂಗಳು, ಅದೇ ಕೇಂದ್ರ, ಅದೇ ವಿಧಾನ ಇರಲಿ. ನೋಟುಪುಸ್ತಕದಲ್ಲಿ ಮರದ ಸಾಲಿನ ಸಂಖ್ಯೆಯೊಡನೆ ಜಾಗದ ನಕ್ಷೆ ಬರೆದಿಟ್ಟು, ಎರಡು ವರದಿಗಳನ್ನೂ ಅದಕ್ಕೇ ಅಂಟಿಸಿಡಿ.